ಮನೆಯಲ್ಲಿ ಸರಿಯಿದ್ದ ಕೀಬೋರ್ಡ್ ವೇದಿಕೆಯಲ್ಲಿ ಯಾಕೆ ಕೈಕೊಡುತ್ತೆ?

ಪ್ರಶ್ನೆ: ಮೇಡಂ, ನಮಸ್ಕಾರ. ಒಂದು ಸಣ್ಣ ತಂಡದಲ್ಲಿ ಕೀಬೋರ್ಡ್ ನುಡಿಸ್ತೀನಿ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡುವಾಗ ಎಲ್ಲ ಚೆನ್ನಾಗಿರುತ್ತೆ. ವೇದಿಕೆಗೆ ಹೋದ ಕೂಡಲೇ ಮೂರು ತೊಂದರೆ ಶುರು. ಸ್ಪೀಕರ್‌ನಲ್ಲಿ ಒಂದೇ ಸಮ ಗುಂಯ್ ಅನ್ನುತ್ತೆ. ಸಸ್ಟೇನ್ ಪೆಡಲ್ ಕೆಲವು ದಿನ ಉಲ್ಟಾ ಕೆಲಸ ಮಾಡುತ್ತೆ, ಒತ್ತಿದರೆ ಸ್ವರ ನಿಲ್ಲುತ್ತೆ, ಕಾಲು ತೆಗೆದರೆ ಎಳೆಯುತ್ತೆ. ಮೂರನೆಯದು, ಪಿಯಾನೊ ಟೋನ್ ಸ್ಪೀಕರ್‌ನಲ್ಲಿ ತೆಳ್ಳಗೆ, ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳುತ್ತೆ. ಕೆಲವು ಹಾಡಿಗೆ ಲ್ಯಾಪ್‌ಟಾಪನ್ನೂ ಯುಎಸ್‌ಬಿಯಲ್ಲಿ ಜೋಡಿಸಿರ್ತೀನಿ. ಸರ್ವಿಸ್‌ಗೆ ಕೊಟ್ಟುಬಿಡಲಾ?

ಉತ್ತರ: ಈಗಲೇ ಬೇಡ. ಮೂರೂ ಕೀಬೋರ್ಡಿನ ಒಳಗಿನ ದೋಷದಂತೆ ಕಾಣುತ್ತಿಲ್ಲ. ವೇದಿಕೆಯಲ್ಲಿ ಏನೇ ಸದ್ದು ಕೆಟ್ಟರೂ ಮೊದಲು ಹೆಡ್‌ಫೋನನ್ನು ಕೀಬೋರ್ಡಿಗೇ ಚುಚ್ಚಿ ಕೇಳಿ. ಅಲ್ಲಿ ಶುದ್ಧವಾಗಿದ್ದರೆ ತೊಂದರೆ ಹೊರಗಿದೆ: ಕೇಬಲ್, ಮಿಕ್ಸರ್ (ಎಲ್ಲ ವಾದ್ಯ, ಮೈಕ್‌ಗಳ ಸದ್ದು ಬೆರೆಸುವ ಯಂತ್ರ), ಕರೆಂಟು. ಅಲ್ಲೂ ಕೆಟ್ಟಿದ್ದರೆ ಮಾತ್ರ ವಾದ್ಯದ ಮೇಲೆ ಅನುಮಾನಪಡಿ. ಇದನ್ನು ಬಿಟ್ಟು ಗಾಬರಿಯಲ್ಲಿ ನಾಲ್ಕು ಕೇಬಲ್ ಒಟ್ಟಿಗೆ ಬದಲಿಸಿದರೆ, ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ, ಮುಂದಿನ ಕಾರ್ಯಕ್ರಮಕ್ಕೆ ಅದೇ ಪಾಡು.

ಗುಂಯ್ ಸದ್ದಿಗೆ ಬರೋಣ. ನುಡಿಸುತ್ತಿರುವಾಗಲೇ ಲ್ಯಾಪ್‌ಟಾಪ್ ಚಾರ್ಜರನ್ನು ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ತಟ್ಟನೆ ನಿಂತರೆ ಅದು ಗ್ರೌಂಡ್ ಲೂಪ್. ಹೆಚ್ಚಿನ ಕೀಬೋರ್ಡ್ ಅಡಾಪ್ಟರ್‌ಗಳಲ್ಲಿ ಎರಡೇ ಪಿನ್, ಅರ್ತ್ ಇರುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಮೂರನೆಯ ಪಿನ್ ಇದ್ದರೆ ಯುಎಸ್‌ಬಿ ಕೇಬಲ್ ಮೂಲಕ ಕೀಬೋರ್ಡಿಗೂ ಅರ್ತ್ ಸಿಗುತ್ತದೆ. ಮಿಕ್ಸರ್‌ಗೆ ತನ್ನದೇ ಅರ್ತ್ ಇದೆ. ಎರಡರ ನಡುವೆ ಆಡಿಯೊ ಕೇಬಲ್ಲಿನ ಜಾಲರಿ ಸೇತುವೆಯಾಗಿ ಒಂದು ಸುತ್ತು ಪೂರ್ತಿಯಾಗುತ್ತದೆ, ಅದರಲ್ಲಿ ಹರಿಯುವ ಸಣ್ಣ ಕರೆಂಟೇ ನಿಮಗೆ ಕೇಳುವ ಸದ್ದು. ಮೇನ್ಸ್ 50 ಹರ್ಟ್ಸ್ ಇರುವ ಕಡೆ ಇದು 50 ಮತ್ತು ಅದರ ಮಡಿಗಳಾದ 100, 150 ಹರ್ಟ್ಸ್‌ನಲ್ಲಿ ಬರುತ್ತದೆ, ಹಾಗಾಗಿ ದಪ್ಪ, ಒಂದೇ ಸಮ. ಬದಲಿಗೆ ಸಣ್ಣಗೆ ಕುಂಯ್‌ಗುಟ್ಟುತ್ತಾ, ಮೌಸ್ ಆಡಿಸಿದಾಗಲೆಲ್ಲ ಬದಲಾಗುತ್ತಿದ್ದರೆ ಅದು ಲ್ಯಾಪ್‌ಟಾಪಿನ ಒಳಗಿನ ಗದ್ದಲ ಯುಎಸ್‌ಬಿಯಿಂದ ಸೋರುತ್ತಿರುವುದು.

ಕೀಬೋರ್ಡ್ ಮತ್ತು ಮಿಕ್ಸರ್ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ವಾದ್ಯದ ಸಿಗ್ನಲನ್ನು ಮಿಕ್ಸರ್‌ಗೆ ಹೊಂದುವಂತೆ ಮಾಡುವ ಸಣ್ಣ ಪೆಟ್ಟಿಗೆ) ಹಾಕಿ, ಗ್ರೌಂಡ್ ಸಂಪರ್ಕ ಬಿಡಿಸುವ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೆ ಈ ಎರಡೂ ಸದ್ದಿಗೆ ಸಾಮಾನ್ಯವಾಗಿ ಮದ್ದು ಸಿಗುತ್ತದೆ. ಸಾಧ್ಯವಿದ್ದರೆ ಕೀಬೋರ್ಡ್, ಲ್ಯಾಪ್‌ಟಾಪ್ ಎರಡಕ್ಕೂ ಮಿಕ್ಸರ್‌ನವರು ಬಳಸುವ ಲೈನಿನಿಂದಲೇ ಕರೆಂಟು ತೆಗೆದುಕೊಳ್ಳಿ. ಆದರೆ ದಯವಿಟ್ಟು ಯಾರೇ ಹೇಳಿದರೂ ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸಬೇಡಿ, ಅದಕ್ಕೆ ಟೇಪು ಸುತ್ತಬೇಡಿ. ಸದ್ದು ಹೋಗುತ್ತೆ, ನಿಜ. ಆದರೆ ಎಲ್ಲೋ ಲೀಕೇಜ್ ಆದ ದಿನ ಆ ಕರೆಂಟಿಗೆ ದಾರಿ ನಿಮ್ಮ ಕೈಯೋ ಮೈಕ್ ಹಿಡಿದ ಗಾಯಕರ ತುಟಿಯೋ ಆಗಿಬಿಡುತ್ತದೆ. ಗುಂಯ್ ಸದ್ದಿನಲ್ಲೇ ಕಾರ್ಯಕ್ರಮ ಮುಗಿಸಿದರೂ ಪರವಾಗಿಲ್ಲ, ಅದು ಮಾತ್ರ ಬೇಡ.

ಪೆಡಲ್ ವಿಷಯ ಸುಲಭ. ಬಹಳಷ್ಟು ಕೀಬೋರ್ಡ್‌ಗಳು ಆನ್ ಆಗುವ ಗಳಿಗೆಯಲ್ಲಿ ಪೆಡಲ್ ಯಾವ ಸ್ಥಿತಿಯಲ್ಲಿದೆಯೋ ಅದನ್ನೇ 'ಕಾಲು ಬಿಟ್ಟ ಸ್ಥಿತಿ' ಅಂತ ತಿಳಿದುಕೊಳ್ಳುತ್ತವೆ. ವೇದಿಕೆಯ ಅವಸರದಲ್ಲಿ ಕಾಲು ಪೆಡಲ್ ಮೇಲಿದ್ದಾಗಲೇ ಸ್ವಿಚ್ ಹಾಕಿದರೆ ಅವತ್ತು ಪೂರ್ತಿ ಉಲ್ಟಾ. ಆಫ್ ಮಾಡಿ, ಪೆಡಲ್ ಚುಚ್ಚಿ, ಕಾಲು ದೂರ ಇಟ್ಟು ಆನ್ ಮಾಡಿ. ಆಗಲೂ ಉಲ್ಟಾ ಇದ್ದರೆ ಪೆಡಲ್ಲಿನ ತಳದಲ್ಲಿ ಪೊಲಾರಿಟಿ ಸ್ವಿಚ್ (ಉಲ್ಟಾ-ಸೀದಾ ಬದಲಿಸುವ ಸ್ವಿಚ್) ಇದೆಯಾ ನೋಡಿ.

ತೆಳ್ಳಗಿನ ಪಿಯಾನೊಗೆ ಉತ್ತರ ಹೇಳುವ ಮುಂಚೆ ಒಂದು ಪ್ರಶ್ನೆ. ಯಾವ ಜಾಕ್‌ನಿಂದ, ಎಂಥ ಕೇಬಲ್‌ನಲ್ಲಿ ಮಿಕ್ಸರ್‌ಗೆ ಕೊಡ್ತೀರಿ? ಪಿನ್ನಿನ ಮೇಲೆ ಕಪ್ಪು ಪಟ್ಟಿ ಎಷ್ಟಿದೆ, ಒಂದೋ ಎರಡೋ?

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ ಮೇಡಂ. ನನ್ನದರಲ್ಲಿ ಬೇರೆ ಔಟ್‌ಪುಟ್ ಇಲ್ಲ, ಹೆಡ್‌ಫೋನ್ ಜಾಕೇ ಔಟ್‌ಪುಟ್. ಅಲ್ಲಿಂದ ಒಂದೇ ಕೇಬಲ್ ಮಿಕ್ಸರ್‌ಗೆ. ಪಿನ್ ಮೇಲೆ ಎರಡು ಪಟ್ಟಿ.

ಉತ್ತರ: ಹಾಗಾದರೆ ಕಾರಣ ಅದೇ. ಎರಡು ಪಟ್ಟಿಯ ಪಿನ್ನಿನಲ್ಲಿ ಮೂರು ಸಂಪರ್ಕ. ಹೆಡ್‌ಫೋನ್ ಜಾಕ್ ಅದರಲ್ಲಿ ಎಡ, ಬಲ, ಗ್ರೌಂಡ್ ಕಳಿಸುತ್ತದೆ. ಮಿಕ್ಸರ್‌ನ ಬ್ಯಾಲೆನ್ಸ್ಡ್ ಇನ್‌ಪುಟ್ ಅದೇ ಮೂರನ್ನು ಬೇರೆ ಅರ್ಥದಲ್ಲಿ ಓದುತ್ತದೆ: ಒಂದು ಸಿಗ್ನಲ್, ಇನ್ನೊಂದು ಅದರ ತಲೆಕೆಳಗಾದ ಪ್ರತಿ. ಹಾಗಾಗಿ ಅದು ಎಡದಿಂದ ಬಲವನ್ನು ಕಳೆದುಬಿಡುತ್ತದೆ. ಎರಡರಲ್ಲೂ ಸಮಾನವಾಗಿರುವುದೆಲ್ಲ, ಅಂದರೆ ಮಂದ್ರದ ತೂಕ, ನಡುವಿನ ಮೈಕಟ್ಟು, ಮಾಯ. ಉಳಿಯುವುದು ಅಂಚಿನ ರಿವರ್ಬ್ (ಕೋಣೆಯಲ್ಲಿ ಮರುದನಿಸುವ ಗುಂಗು) ಮತ್ತು ಅಗಲ ಅಷ್ಟೇ. ಪಕ್ಕದ ಕೋಣೆಯಿಂದ ಬಂದ ಹಾಗೆ ಅಂದಿರಲ್ಲ, ನಿಮ್ಮ ಕಿವಿ ಸರಿಯಾಗಿಯೇ ಕೇಳಿದೆ.

ಒಂದು ಸ್ಟೀರಿಯೊ (ಎಡ-ಬಲ ಎರಡೂ ಇರುವ) ಪಿನ್ನಿನಿಂದ ಎರಡು ಮೋನೊ (ಒಂದೇ ಸಿಗ್ನಲ್‌ನ) ಪಿನ್ ಆಗುವ ವೈ ಕೇಬಲ್ ತನ್ನಿ. ಎರಡು ಚಾನೆಲ್ ಸಿಕ್ಕರೆ ಎರಡನ್ನೂ ಕೊಡಿ, ಪ್ಯಾನ್ (ಸದ್ದನ್ನು ಎಡ-ಬಲಕ್ಕೆ ಹಂಚುವ ಗುಂಡಿ) ಎಡಕ್ಕೊಂದು ಬಲಕ್ಕೊಂದು. ಸ್ಪೀಕರ್ ವ್ಯವಸ್ಥೆಯೇ ಮೋನೊ ಆಗಿದ್ದರೆ ಎಡದ್ದನ್ನು ಮಾತ್ರ ಕೊಡಿ, ಎರಡನ್ನೂ ಬೆರೆಸಬೇಡಿ. ಸ್ಟೀರಿಯೊ ಪಿಯಾನೊ ಸ್ಯಾಂಪಲ್‌ಗಳನ್ನು (ಕೀಬೋರ್ಡಿನಲ್ಲಿ ಉಳಿಸಿರುವ ನಿಜವಾದ ಪಿಯಾನೊ ಸ್ವರಗಳು) ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮೈಕ್ ಇಟ್ಟು ಮುದ್ರಿಸಿರುತ್ತಾರೆ. ಒಂದೇ ಸ್ವರ ಆ ಮೈಕ್‌ಗಳನ್ನು ಸ್ವಲ್ಪ ಹಿಂದೆಮುಂದೆ ತಲುಪಿರುತ್ತದೆ, ಬೆರೆಸಿದಾಗ ಕೆಲವು ಸ್ವರಗಳು ಸೊರಗುತ್ತವೆ.

ಮತ್ತೊಬ್ಬ ಸದಸ್ಯರು: ಮೇಡಂ, ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಕೀಬೋರ್ಡಿನಲ್ಲಿ ನಡುವಿನ ಒಂದು ಕೀ ಎಷ್ಟು ಮೆತ್ತಗೆ ಒತ್ತಿದರೂ ಕೆಲವು ಸಲ ಚೀರುತ್ತೆ, ಕೆಲವು ಸಲ ಉಲಿಯೋದೇ ಇಲ್ಲ. ಹೆಡ್‌ಫೋನ್‌ನಲ್ಲೂ ಹಾಗೇ.

ಉತ್ತರ: ಇದು ಒಳಗಿನ ದೋಷ, ಆದರೆ ದೊಡ್ಡದಲ್ಲ. ಸಾಮಾನ್ಯವಾಗಿ ಪ್ರತಿ ಕೀ ಕೆಳಗೆ ರಬ್ಬರಿನ ಒಂದು ಸಣ್ಣ ಗುಮ್ಮಟ, ಅದರೊಳಗೆ ಕಾರ್ಬನ್ ಬಳಿದ ಎರಡು ಕಪ್ಪು ಬಿಂದು ಇರುತ್ತವೆ. ಕೀ ಇಳಿಯುವಾಗ ಒಂದು ಮೊದಲು, ಇನ್ನೊಂದು ಆಮೇಲೆ ಕೆಳಗಿನ ಹಲಗೆಯನ್ನು ಮುಟ್ಟುತ್ತದೆ. ನಡುವಿನ ಸಮಯ ಕಡಿಮೆಯಾದಷ್ಟೂ ನೀವು ಜೋರಾಗಿ ಹೊಡೆದಿರಿ ಅಂತ ಲೆಕ್ಕ. ಮೊದಲ ಬಿಂದುವಿಗೆ ಧೂಳು ಕೂತು ಅದು ತಡವಾಗಿ ಮುಟ್ಟಿದರೆ ಅಂತರ ಕುಗ್ಗಿ ಸ್ವರ ಚೀರುತ್ತದೆ. ಮುಟ್ಟದೇ ಹೋದರೆ ಮೌನ. ಬಿಚ್ಚಿ ಗೊತ್ತಿರುವವರ ಕೈಯಲ್ಲಿ ರಬ್ಬರ್ ಪಟ್ಟಿ ತೆಗೆಸಿ, ಹಲಗೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ, ಕಪ್ಪು ಬಿಂದುಗಳನ್ನು ಒಣ ನಯವಾದ ಬಟ್ಟೆಯಲ್ಲಿ ಹಗುರವಾಗಿ ಒರೆಸಿಸಿ. ಉಜ್ಜಿದರೆ ಕಾರ್ಬನ್ನೇ ಕಿತ್ತು ಬರುತ್ತದೆ. ಸದ್ಯಕ್ಕೆ ಕಾರ್ಯಕ್ರಮ ಇದ್ದರೆ ಟಚ್ ಸೆನ್ಸಿಟಿವಿಟಿಯನ್ನು ಫಿಕ್ಸ್ಡ್‌ಗೆ ಇಡಿ. ಭಾವ ಹೋಗುತ್ತೆ, ಚೀರಾಟವಂತೂ ನಿಲ್ಲುತ್ತೆ.

ಇನ್ನೊಬ್ಬ ಸದಸ್ಯರು: ಲ್ಯಾಪ್‌ಟಾಪ್ ಜೋಡಿಸಿದಾಗ ಒಂದೊಂದು ಸ್ವರ ಎರಡೆರಡು ಸಲ ಕೇಳುತ್ತೆ. ಬೆರಳಿಗಿಂತ ಸದ್ದು ಹಿಂದೆ ಬೀಳುತ್ತೆ ಕೂಡ.

ಉತ್ತರ: ಮೊದಲನೆಯದು ಲೋಕಲ್ ಕಂಟ್ರೋಲ್, ಅಂದರೆ ಕೀ ಒತ್ತಿದಾಗ ಕೀಬೋರ್ಡ್ ತನ್ನದೇ ಸ್ವರ ಹೊರಡಿಸುವ ಸೆಟ್ಟಿಂಗ್. ಕೀಬೋರ್ಡ್ ತಾನೇ ಒಂದು ಸಲ ನುಡಿಸುತ್ತದೆ, ಲ್ಯಾಪ್‌ಟಾಪ್‌ನಿಂದ ಬಂದದ್ದು ಇನ್ನೊಂದು ಸಲ. ಮೆನುವಿನಲ್ಲಿ ಲೋಕಲ್ ಆಫ್ ಮಾಡಿ. ಲ್ಯಾಪ್‌ಟಾಪ್ ಕಿತ್ತ ಮೇಲೆ ಕೀಬೋರ್ಡ್ ಮೂಕವಾದರೆ ಹೆದರಬೇಡಿ, ಲೋಕಲ್ ಆನ್ ಮಾಡುವುದು ಮರೆತಿರುತ್ತೀರಿ.

ಹಿಂದೆ ಬೀಳುವುದು ಬಫರ್‌ನಿಂದ, ಅಂದರೆ ಲ್ಯಾಪ್‌ಟಾಪ್ ಸದ್ದನ್ನು ಹೊರಬಿಡುವ ಮುಂಚೆ ಕೂಡಿಟ್ಟುಕೊಳ್ಳುವ ಸ್ಯಾಂಪಲ್‌ಗಳ (ಇಲ್ಲಿ ಸದ್ದಿನ ಸಣ್ಣ ತುಣುಕುಗಳ) ಗುಂಪಿನಿಂದ. ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ ಬಫರ್ 1024 ಇದ್ದರೆ ಅದೊಂದರಿಂದಲೇ ಸುಮಾರು 21 ಮಿಲಿಸೆಕೆಂಡ್ ತಡ. ಆ ಹೊತ್ತಿನಲ್ಲಿ ಸದ್ದು ಗಾಳಿಯಲ್ಲಿ 7 ಮೀಟರ್ ಸಾಗುತ್ತದೆ, ಅಂದರೆ ಸ್ಪೀಕರನ್ನು ಅಷ್ಟು ದೂರ ಒಯ್ದಿಟ್ಟಷ್ಟೇ ಆಯಿತು. 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡಿಗಿಂತ ಕಡಿಮೆ. ಆಗ ಪಟ್ ಪಟ್ ಅಂತ ಸದ್ದು ಒಡೆದರೆ 256 ಇಡಿ, ವೈಫೈ ಆಫ್ ಮಾಡಿ.

ಪ್ರಶ್ನೆ ಕೇಳಿದವರು: ಮೇಡಂ, ಕೊನೆಯದೊಂದು. ಸೌಂಡ್ ಚೆಕ್‌ನಲ್ಲಿ ನಾನು ಏನೇನು ನುಡಿಸಿ ತೋರಿಸಬೇಕು? ಪಿಯಾನೊ ಸರಿಹೋದರೆ ಸ್ಟ್ರಿಂಗ್ಸ್ ಮುಳುಗುತ್ತೆ, ಲೀಡ್ ಬಂದಾಗ ಎಲ್ಲರೂ ಕಿವಿ ಮುಚ್ಚಿಕೊಳ್ತಾರೆ.

ಉತ್ತರ: ಟೋನ್‌ಗಳ ಮಟ್ಟವನ್ನು ಮನೆಯಲ್ಲೇ ಸಮ ಮಾಡಿಕೊಂಡು ರಿಜಿಸ್ಟ್ರೇಶನ್ ಮೆಮೊರಿಯಲ್ಲಿ (ಸೆಟ್ಟಿಂಗ್‌ಗಳನ್ನು ಒಂದು ಗುಂಡಿಗೆ ಉಳಿಸಿಡುವ ಜಾಗ) ಉಳಿಸಿ. ಹೆಡ್‌ಫೋನ್‌ನಲ್ಲಲ್ಲ, ಸ್ಪೀಕರ್‌ನಲ್ಲಿ ಸ್ವಲ್ಪ ಜೋರಾಗಿ ಕೇಳುತ್ತಾ ಮಾಡಿ, ಯಾಕೆಂದರೆ ಮೆಲ್ಲಗೆ ಕೇಳುವಾಗ ನಮ್ಮ ಕಿವಿಗೆ ಮಂದ್ರ ಕಡಿಮೆ ಅನಿಸಿ ಅದನ್ನು ಏರಿಸಿಬಿಡುತ್ತೇವೆ. ಬೇಸ್ ಗಿಟಾರ್ ಇರುವ ತಂಡದಲ್ಲಿ ಎಡಗೈ ಹಗುರವಿರಲಿ. ಕೀಬೋರ್ಡಿನ ಒಳಗಿನ ರಿವರ್ಬ್ ಬಹುಪಾಲು ಇಳಿಸಿ, ಸಭಾಂಗಣ ತನ್ನ ಪಾಲಿನದನ್ನು ಸೇರಿಸಿಯೇ ಸೇರಿಸುತ್ತದೆ.

ಚೆಕ್‌ನಲ್ಲಿ ಮಾಸ್ಟರ್ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ನಿಮ್ಮಲ್ಲಿರುವ ಅತಿ ಜೋರಿನ ಟೋನನ್ನು ಎರಡೂ ಕೈಯಿಂದ ಪೂರ್ತಿ ಬಲ ಹಾಕಿ ನುಡಿಸಿ. ಸೌಂಡ್‌ನವರು ಗೇನ್ (ಮಿಕ್ಸರ್‌ಗೆ ಬರುವ ಸಿಗ್ನಲ್‌ನ ಮಟ್ಟ) ಹೊಂದಿಸಬೇಕಾದ್ದು ಅದಕ್ಕೆ. ಆಮೇಲೆ ಅತಿ ಮೆತ್ತಗಿನದು. ಅವರು ಸರಿ ಅಂದ ಮೇಲೆ ಮಾಸ್ಟರ್ ಮುಟ್ಟಬೇಡಿ, ಏರಿಳಿತಕ್ಕೆ ಎಕ್ಸ್‌ಪ್ರೆಶನ್ ಪೆಡಲ್ ಬಳಸಿ. ಅಡಾಪ್ಟರ್ ವೈರನ್ನು ಸ್ಟ್ಯಾಂಡಿನ ಕಾಲಿಗೆ ಒಂದು ಸುತ್ತು ಹಾಕಿಡಿ, ಯಾರಾದರೂ ಎಡವಿದರೂ ಪಿನ್ ಕಳಚುವುದಿಲ್ಲ. ಆಟೋ ಪವರ್ ಆಫ್ ಇದ್ದರೆ ತೆಗೆದುಹಾಕಿ, ದೀರ್ಘ ಭಾಷಣದ ನಡುವೆ ಅದು ತಾನಾಗಿ ಆರಿಹೋಗುತ್ತದೆ. ಮತ್ತೆ ಪ್ರತಿ ಹಾಡಿಗೂ ಮುಂಚೆ ಪರದೆಯ ಮೇಲೆ ಟ್ರಾನ್ಸ್‌ಪೋಸ್ (ಶ್ರುತಿ ಏರಿಸಿ ಇಳಿಸುವ ಸೆಟ್ಟಿಂಗ್) ಎಷ್ಟಿದೆ ಅಂತ ಒಮ್ಮೆ ಕಣ್ಣು ಹಾಯಿಸಿ. ವೈ ಕೇಬಲ್ ಹಾಕಿ ನೋಡಿದ ಮೇಲೆ ಪಿಯಾನೊ ಹೇಗೆ ಕೇಳಿತು ಅಂತ ಇಲ್ಲೇ ಬರೆಯಿರಿ.