ಮಹಾನಗರದ ಒಂಟಿ ನಾಯಕಿಗೆ ಕೊನೆಯ ದೃಶ್ಯದಲ್ಲಿ ಜೋಡಿ ಸಿಗಲೇಬೇಕೇ?

ಪ್ರಶ್ನೆ

ದೊಡ್ಡ ನಗರದಲ್ಲಿ ಒಬ್ಬಳೇ ಇದ್ದು, ದುಡಿದು, ಮನಸ್ಸಿಗೊಪ್ಪುವ ಸಂಗಾತಿಗಾಗಿ ಡೇಟಿಂಗ್ ಮಾಡುತ್ತಿರುವ ಹೆಣ್ಣೊಬ್ಬಳ ಕುರಿತು ನಾನು ರೊಮ್ಯಾಂಟಿಕ್ ಕಾಮಿಡಿ ಚಿತ್ರಕಥೆಯೊಂದನ್ನು ಬರೆಯುತ್ತಿದ್ದೇನೆ. ಮೂರನೆಯ ಕರಡನ್ನು ಓದಿದ ನಿರ್ಮಾಪಕರೊಬ್ಬರು, ಕೊನೆಗೆ ಆಕೆಗೆ ಜೋಡಿ ಸಿಗದಿದ್ದರೆ ಪ್ರೇಕ್ಷಕರು ನಿರಾಶರಾಗಿ ಎದ್ದು ಹೋಗುತ್ತಾರೆ ಎಂದರು. ಆದರೆ ಅವಳ ಬದುಕಿನಲ್ಲಿ ನನಗೆ ಅತ್ಯಂತ ಪ್ರಿಯವಾದವು ಗೆಳತಿಯರೊಂದಿಗಿನ ತಡರಾತ್ರಿಯ ಮಾತುಕತೆ ಮತ್ತು ಸ್ವಂತ ಸಂಬಳದಿಂದ ಬಾಡಿಗೆಗೆ ಹಿಡಿದ ಪುಟ್ಟ ಮನೆ. ನಾಯಕ ಬಂದೊಡನೆ ಇವೆರಡೂ ಕಥೆಯಿಂದ ಜಾರಿಹೋಗುತ್ತವೆ. ಜೋಡಿಯಾಗದ ಮುಕ್ತಾಯವನ್ನು ಈ ಬಗೆಯ ಚಿತ್ರ ತಾಳಿಕೊಳ್ಳುತ್ತದೆಯೇ?

ಉತ್ತರ 1

ತಾಳಿಕೊಳ್ಳುತ್ತದೆ. 1997ರ ‘ಮೈ ಬೆಸ್ಟ್ ಫ್ರೆಂಡ್ಸ್ ವೆಡ್ಡಿಂಗ್’ ಚಿತ್ರವನ್ನು ಮತ್ತೊಮ್ಮೆ ನೋಡಿ. ಜೂಲಿಯಾ ರಾಬರ್ಟ್ಸ್ ಅಭಿನಯಿಸಿದ ನಾಯಕಿ ತಾನು ಬಯಸಿದವನ ಮದುವೆಯನ್ನು ಮುರಿಯಲು ಹೆಣಗಿ ಸೋಲುತ್ತಾಳೆ. ಔತಣದ ಮೇಜಿನ ಬಳಿ ಒಬ್ಬಳೇ ಕುಳಿತಿರುವಾಗ ಅವಳ ಮೊಬೈಲ್ ಸದ್ದು ಮಾಡುತ್ತದೆ. ದೂರದಲ್ಲಿದ್ದಾನೆಂದು ಅವಳು ತಿಳಿದಿದ್ದ ಗೆಳೆಯ ಜಾರ್ಜ್ ಅಲ್ಲೇ ಅತಿಥಿಗಳ ನಡುವೆ ಇರುತ್ತಾನೆ, ಇಬ್ಬರೂ ಕುಣಿಯುತ್ತಾರೆ. ಜಾರ್ಜ್ ಸಲಿಂಗಿಯಾದ್ದರಿಂದ ಇದು ಇನ್ನೊಂದು ಪ್ರೇಮದ ಆರಂಭವೂ ಅಲ್ಲ. ಆದರೂ ಮನಸ್ಸು ತುಂಬುತ್ತದೆ, ಏಕೆಂದರೆ ಕಷ್ಟ ಬಂದಾಗಲೆಲ್ಲ ಅವಳು ಫೋನ್ ಮಾಡಿದ್ದು ಆತನಿಗೇ ಎಂಬುದನ್ನು ನಾವು ಮೊದಲಿನಿಂದ ನೋಡಿರುತ್ತೇವೆ. ನಿಮ್ಮ ಕಥೆಯಲ್ಲಿ ಆ ಗೆಳತಿಯರಿಗೆ ಅಷ್ಟು ತೂಕವಿದೆಯೇ ಎಂದು ಪರೀಕ್ಷಿಸಿಕೊಳ್ಳಿ.

ಉತ್ತರ 2

ಜೋಡಿಯಾಗುವ ಮುಕ್ತಾಯವನ್ನು ಅಷ್ಟು ಬೇಗ ತಳ್ಳಿಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ನೋರಾ ಎಫ್ರಾನ್ ಬರೆದ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ (1989) ಚಿತ್ರದ ಮೊದಲ ಯೋಜನೆಯಲ್ಲಿ ಹ್ಯಾರಿ, ಸ್ಯಾಲಿ ಇಬ್ಬರೂ ಒಂದಾಗುತ್ತಿರಲಿಲ್ಲ. ನಿರ್ದೇಶಕ ರಾಬ್ ರೈನರ್ ಆ ಚಿತ್ರದ ಸಮಯದಲ್ಲಿಯೇ ತಮ್ಮ ಮುಂದಿನ ಪತ್ನಿಯನ್ನು ಭೇಟಿಯಾದ ಮೇಲೆ ಮುಕ್ತಾಯ ಬದಲಾಯಿತು. ಹೀಗೆ ಬದಲಾದರೂ ಅದು ಅಂಟಿಸಿದಂತೆ ಕಾಣುವುದಿಲ್ಲ. ಆರಂಭದಲ್ಲಿ ಸ್ಯಾಲಿ ಹೋಟೆಲಿನಲ್ಲಿ ಆಪಲ್ ಪೈ ಬಿಸಿಯಾಗಿರಬೇಕು, ಐಸ್‌ಕ್ರೀಮ್ ಅದರ ಮೇಲಲ್ಲ, ಪಕ್ಕದಲ್ಲಿರಬೇಕು ಎಂದು ವಿವರಿಸುತ್ತಿದ್ದರೆ ಹ್ಯಾರಿ ಬೆರಗಾಗಿ ನೋಡುತ್ತಾನೆ. ವರ್ಷಗಳ ನಂತರ ಪ್ರೀತಿಯನ್ನು ಹೇಳಿಕೊಳ್ಳುವಾಗ, ತಿನ್ನಲು ಏನಾದರೂ ತರಿಸಬೇಕಾದರೆ ಅವಳು ತೆಗೆದುಕೊಳ್ಳುವ ಆ ದೀರ್ಘ ಹೊತ್ತನ್ನೇ ಅವನು ಮೆಚ್ಚಿ ನೆನೆಯುತ್ತಾನೆ. ಅವಳು ಒಂದಿಷ್ಟೂ ಬದಲಾಗಿಲ್ಲ, ಅವನ ನೋಟ ಬದಲಾಗಿದೆ. ನಿಮ್ಮ ನಾಯಕಿ ತನ್ನ ಮನೆಯನ್ನೂ ಹಟವನ್ನೂ ಬಿಟ್ಟುಕೊಟ್ಟು ಜೋಡಿಯಾಗುವುದಾದರೆ ಮಾತ್ರ ನಿಮ್ಮ ಆತಂಕ ನ್ಯಾಯವಾದದ್ದು.

ಉತ್ತರ 3

ನಾಯಕ ಬಂದರೆ ಗೆಳೆಯರು ಮರೆಯಾಗಲೇಬೇಕೆಂದೇನಿಲ್ಲ. ಲಂಡನ್ನಿನಲ್ಲಿ ನಡೆಯುವ ‘ಬ್ರಿಜೆಟ್ ಜೋನ್ಸ್ ಡೈರಿ’ (2001) ಚಿತ್ರದಲ್ಲಿ ನಾಯಕಿ ಬ್ರಿಜೆಟ್‌ಳ ಹುಟ್ಟುಹಬ್ಬದ ಅಡುಗೆ ಕೆಟ್ಟು, ತರಕಾರಿ ಕಟ್ಟಿದ್ದ ನೀಲಿ ದಾರ ಬಣ್ಣ ಬಿಟ್ಟು ಸೂಪೆಲ್ಲ ನೀಲಿಯಾಗುತ್ತದೆ. ಅಡುಗೆಮನೆಯಲ್ಲಿ ನೆರವಾಗುವ ನಾಯಕ ಮಾರ್ಕ್ ಡಾರ್ಸಿ ಆಮೇಲೆ ಅವಳ ಗೆಳೆಯರ ಜೊತೆಗೇ ಊಟಕ್ಕೆ ಕೂರುತ್ತಾನೆ. ಅವನು ಅವಳ ಬದುಕಿನ ಒಳಗೆ ಬಂದು ಕೂತ ಹಾಗೆ ನನಗೆ ಅನ್ನಿಸುವುದು ಆ ಊಟದ ಮೇಜಿನಲ್ಲಿಯೇ.

ಇನ್ನೊಂದು ಮಾತು: ನಾಯಕಿ ಭೇಟಿಯಾಗುವ ಗಂಡಸರನ್ನೆಲ್ಲ ಪೆದ್ದರನ್ನಾಗಿ ಮಾಡಬೇಡಿ. ಒಳ್ಳೆಯವನೊಬ್ಬನನ್ನು ಅವಳು ಯೋಚಿಸಿ ಬೇಡವೆನ್ನುವ ದೃಶ್ಯ ಒಂದಾದರೂ ಇರಲಿ. ಆಗ ಅವಳ ಒಂಟಿತನ ಅವಳೇ ಆರಿಸಿಕೊಂಡದ್ದು ಎಂದು ಪ್ರೇಕ್ಷಕರು ನಂಬುತ್ತಾರೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಕರಡನ್ನು ಮತ್ತೆ ತೆರೆದು ನೋಡಿದೆ. ಗೆಳತಿಯರು ನಲವತ್ತನೆಯ ಪುಟದ ನಂತರ ಬಾಯಿಯನ್ನೇ ತೆರೆಯುವುದಿಲ್ಲ, ಮನೆಯಂತೂ ಮೊದಲ ದೃಶ್ಯದಲ್ಲಿ ಬಿಟ್ಟರೆ ಇನ್ನೆಲ್ಲಿಯೂ ಇಲ್ಲ. ಈ ವಾರ ಕೊನೆಯ ದೃಶ್ಯವನ್ನು ಮುಟ್ಟದೆ, ಅವಳು ಒಳ್ಳೆಯವನೊಬ್ಬನಿಗೆ ಬೇಡವೆಂದು ಹೇಳಿ ಮನೆಗೆ ಮರಳಿ ಬಾಗಿಲು ತೆರೆಯುವ ದೃಶ್ಯವನ್ನು ಬರೆಯುತ್ತೇನೆ.