ಪದಚರ್ಚೆ: ಫ್ರಾಸ್ಟ್‌ಗೂ ‘ಮಂಜು’, ಸ್ನೋಗೂ ‘ಮಂಜು’ ಎಂದರೆ ತೋಟದಲ್ಲಿ ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಚಳಿದೇಶಗಳಲ್ಲಿ ನೆಲೆಸಿರುವ ನಮ್ಮವರಿಗಾಗಿ ಕೈತೋಟದ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಷಿಕಾಗೋ, ಟೊರಾಂಟೊ ಕಡೆ ಇರುವವರು ಕರಿಬೇವು, ತುಳಸಿ, ಮಲ್ಲಿಗೆಯನ್ನು ಕುಂಡದಲ್ಲಿ ಜೋಪಾನ ಮಾಡುತ್ತಾರೆ, ಹಿತ್ತಲಲ್ಲಿ ಗುಲಾಬಿ ಬೆಳೆಸುತ್ತಾರೆ. ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವ ಹೊತ್ತಿಗೆ ಕುಂಡಗಳನ್ನು ಒಳಗೆ ತರಬೇಕು. ಇಷ್ಟನ್ನು ಬರೆಯಲು ಯಾವ ಕಷ್ಟವೂ ಇಲ್ಲ. ನೆಲದಲ್ಲೇ ಉಳಿಯುವ ಗಿಡಗಳ ಮಾತು ಬಂದಾಗ ಪದ ಸಿಗುತ್ತಿಲ್ಲ. ನಮ್ಮ ದಾವಣಗೆರೆಯಲ್ಲಿ ಡಿಸೆಂಬರ್ ರಾತ್ರಿ 15 ಡಿಗ್ರಿ ಆಸುಪಾಸಿಗೆ ಬಂದರೇ ಸ್ವೆಟರ್, ಮಫ್ಲರ್ ಹೊರಗೆ ಬರುತ್ತವೆ. ನೀರು ಹೆಪ್ಪುಗಟ್ಟುವ ಚಳಿ ಇಲ್ಲಿಗೆ ಬರುವುದಿಲ್ಲ, ಹಾಗಾಗಿ ಅದರ ಮಾತುಗಳೂ ಇಲ್ಲಿ ಬೆಳೆದಿಲ್ಲ.

ಮುಖ್ಯ ತೊಡಕು ‘ಮಂಜು’. ಬೆಳಗಿನ ಜಾವ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟವನ್ನು ಕವಿಯುವ ಫಾಗ್ ಕೂಡ ಮಂಜು, ಕಾಶ್ಮೀರದಲ್ಲಿ ಸುರಿಯುವ ಸ್ನೋ ಕೂಡ ಮಂಜು, ಎಲೆಯ ಮೇಲೆ ಬೆಳ್ಳಗೆ ಹರಳುಗಟ್ಟುವ ಫ್ರಾಸ್ಟ್‌ಗೂ ಪತ್ರಿಕೆಗಳಲ್ಲಿ ಮಂಜು ಎಂದೇ ಬರೆದಿರುತ್ತಾರೆ. ಮಾತಾಡುವಾಗ ಇದರಿಂದ ಏನೂ ತೊಂದರೆಯಿಲ್ಲ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ತೋಟದ ಪುಸ್ತಕದಲ್ಲಿ ಹಾಗಲ್ಲ. ‘ಮಂಜಿನಿಂದ ಗಿಡ ಕಾಪಾಡಿ’ ಎಂದು ಬರೆದರೆ ಓದಿದವರು ಸಲಿಕೆ ಹಿಡಿದು ಪಾತಿಯ ಮೇಲಿನ ಸ್ನೋ ಎಲ್ಲ ಬಳಿದು ಹಾಕಬಹುದು. ಅದೇ ದೊಡ್ಡ ತಪ್ಪು. ನೆಲದ ಮೇಲೆ ಬಿದ್ದ ಸ್ನೋ ಗಿಡವನ್ನು ಕಾಯುತ್ತದೆ. ಹಿಮದ ಎಸಳುಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ಅದು ನೆಲದ ಕಾವನ್ನು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ಹೊರಗಿನ ಗಾಳಿ ಮೈನಸ್ 20 ಡಿಗ್ರಿ ಇದ್ದರೂ ದಪ್ಪ ಸ್ನೋ ಕೆಳಗಿನ ಮಣ್ಣು ಸೊನ್ನೆಯ ಹತ್ತಿರವೇ ಇರಬಲ್ಲದು. ಒದ್ದೆ ಸ್ನೋ ಕೊಂಬೆಯ ಮೇಲೆ ಕೂತು ಭಾರಕ್ಕೆ ಬಗ್ಗಿಸಿದಾಗ ಮಾತ್ರ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಒದರಬೇಕು. ಕೊಂಬೆಯ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಮುಟ್ಟಲೇಬಾರದು, ಮುರಿಯುತ್ತದೆ.

ಫ್ರಾಸ್ಟ್ ಕಥೆಯೇ ಬೇರೆ. ಅದು ಮೇಲಿನಿಂದ ಸುರಿಯುವುದಿಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಕಾವು ಆಕಾಶಕ್ಕೆ ಹೋಗಿಬಿಡುತ್ತದೆ. ಎಲೆ ಸುತ್ತಲಿನ ಗಾಳಿಗಿಂತ ಜಾಸ್ತಿ ತಣ್ಣಗಾಗುತ್ತದೆ, ಅದರ ಮೇಲೇ ಹರಳು ಮೂಡುತ್ತದೆ. ತಣ್ಣನೆ ಗಾಳಿ ಭಾರ, ತಗ್ಗಿಗೆ ಹರಿದು ನಿಲ್ಲುತ್ತದೆ. ಹಾಗಾಗಿ ದಿಬ್ಬದ ಗಿಡ ಉಳಿದು ಹಳ್ಳದ ಗಿಡ ಹೋಗುವುದುಂಟು. ಫ್ರಾಸ್ಟ್‌ನಿಂದ ಗಿಡವನ್ನು ಕಾಯಲೇಬೇಕು. ಸ್ನೋ ಬಿದ್ದರೆ ಬಿಟ್ಟುಬಿಡಿ, ಫ್ರಾಸ್ಟ್ ಬರುವ ರಾತ್ರಿ ಮುಚ್ಚಿ. ಇಷ್ಟು ಬೇರೆ ಬೇರೆ ಕೆಲಸ ಹೇಳುವಾಗ ಒಂದೇ ಪದ ಸಾಲದು ಅಲ್ವಾ?

ಸ್ನೋಗೆ ‘ಹಿಮ’ ಎಂದು ಗಟ್ಟಿ ಮಾಡಿಕೊಂಡಿದ್ದೇನೆ. ಶಾಲೆಯ ಪುಸ್ತಕದಿಂದ ಎಲ್ಲರಿಗೂ ಗೊತ್ತು, ಫಾಗ್ ಜೊತೆ ಕಲಸಿಕೊಳ್ಳುವುದಿಲ್ಲ. ಫ್ರಾಸ್ಟ್‌ಗೆ ಏನು? ‘ತುಷಾರ’, ‘ತುಹಿನ’ ಕೇಳಲು ಚೆಂದ, ಆದರೆ ಅವೂ ಇಬ್ಬನಿ, ಹಿಮ ಎರಡಕ್ಕೂ ಸಲ್ಲುತ್ತವೆ. ತಮಿಳಿನಲ್ಲಿ ‘ಉರೈಪನಿ’ ಇದೆ. ನಮ್ಮ ‘ಹನಿ’ಯ ಹಳೆಯ ರೂಪವೂ ‘ಪನಿ’. ‘ಉರೈ’ ಎಂದರೆ ಗಟ್ಟಿಯಾಗು, ಮೊಸರಿಗೆ ಹೆಪ್ಪು ಹಾಕುವ ಮಾತಿಗೂ ಅಲ್ಲಿ ಅದೇ ಪದ. ಆ ದಾರಿಯಲ್ಲಿ ಹೋದರೆ ನಮಗೆ ‘ಹೆಪ್ಪುಹನಿ’ ಸಿಗುತ್ತದೆ. ಸದ್ಯಕ್ಕೆ ನನ್ನ ಒಲವು ಇದರ ಕಡೆಗೇ.

ಆದರೂ ಒಂದು ಅನುಮಾನ. ‘ಹೆಪ್ಪುಗಟ್ಟಿದ ಇಬ್ಬನಿ’ ಎಂದು ವಿವರಿಸಿದರೆ ಅದು ಪೂರ್ತಿ ಸರಿಯಲ್ಲ. ಬೆಳ್ಳನೆ ಫ್ರಾಸ್ಟ್‌ನಲ್ಲಿ ಗಾಳಿಯಲ್ಲಿನ ಆವಿ ನೀರಾಗದೆ ನೇರವಾಗಿ ಹರಳಾಗುತ್ತದೆ. ಇನ್ನು ಬ್ಲಾಕ್ ಫ್ರಾಸ್ಟ್ ಅಂತ ಇದೆ. ಗಾಳಿ ಒಣಗಿದ್ದರೆ ಬೆಳ್ಳಗೆ ಏನೂ ಕಾಣುವುದಿಲ್ಲ, ಒಳಗೆ ಎಲೆಯ ನೀರು ಮಾತ್ರ ಹೆಪ್ಪುಗಟ್ಟಿರುತ್ತದೆ. ಅಲ್ಲಿ ‘ಹನಿ’ಯೂ ಇಲ್ಲ. ಎರಡಕ್ಕೂ ಒಪ್ಪುವಂತೆ ‘ಹೆಪ್ಪುಚಳಿ’ ಎನ್ನಬಹುದೇ? ಹವೆಯ ಮುನ್ಸೂಚನೆ ಹೇಳುವಾಗ ಇದು ಚೆನ್ನಾಗಿ ಕೂರುತ್ತದೆ: ‘ಇವತ್ತು ರಾತ್ರಿ ಹೆಪ್ಪುಚಳಿ, ಗಿಡ ಮುಚ್ಚಿ.’ ಕಣ್ಣಿಗೆ ಕಾಣುವ ಹರಳಿಗೆ ಹೆಪ್ಪುಹನಿ, ಆ ಚಳಿಗೆ ಹೆಪ್ಪುಚಳಿ ಎಂದು ಎರಡನ್ನೂ ಇಟ್ಟುಕೊಳ್ಳುವ ಯೋಚನೆ ಇದೆ.

ಮುಂದಿನದು ‘ಮುಚ್ಚು’. ಇದರಲ್ಲಿ ಕ್ರಿಯಾಪದ ತಪ್ಪಿದರೆ ಗಿಡವೇ ಹೋಗುತ್ತದೆ. ‘ಬಟ್ಟೆ ಹೊದಿಸಿ ಕಟ್ಟಿ’ ಎಂದರೆ ಜನ ಗಿಡದ ತಲೆಗೆ ಬಟ್ಟೆ ಸುತ್ತಿ ಕಾಂಡಕ್ಕೆ ದಾರ ಬಿಗಿಯುತ್ತಾರೆ. ಆಗ ನೆಲದಿಂದ ಏಳುವ ಕಾವು ಒಳಗೆ ಸೇರುವುದೇ ಇಲ್ಲ. ಬಟ್ಟೆ ನೆಲ ಮುಟ್ಟಬೇಕು, ಅಂಚಿಗೆ ಕಲ್ಲು ಹೇರಬೇಕು. ಪ್ಲಾಸ್ಟಿಕ್ ಆದರೆ ಎಲೆಗೆ ತಾಗಬಾರದು, ಕೋಲು ನೆಟ್ಟು ಎತ್ತರಿಸಬೇಕು. ಬಿಸಿಲೇರಿದ ಮೇಲೆ ತೆಗೆಯಬೇಕು. ನಮ್ಮಲ್ಲೂ ಮಾಗಿಯಲ್ಲಿ ಗಿಡಕ್ಕೆ ಬಟ್ಟೆ ಹಾಕುವ ಪದ್ಧತಿ ಒಂದಿದೆ. ಎರೆಹೊಲದಲ್ಲಿ ಸಂಜೆ ಕಡಲೆ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಗೆ ತೊಯ್ದ ಬಟ್ಟೆಯನ್ನು ಹಿಂಡಿ ಕಡಲೆ ಹುಳಿ ತೆಗೆಯುತ್ತಾರೆ. ಗಿಡದ ಸಣ್ಣ ರೋಮಗಳು ಒಸರುವ ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳೇ ಆ ಹುಳಿ. ಅಲ್ಲಿ ಬಟ್ಟೆ ಎಲೆಗೆ ತಾಗಲೇಬೇಕು. ಅದಕ್ಕೇ ‘ಹಾಸು’ ಪದ ಅಲ್ಲಿ ಸರಿ. ಫ್ರಾಸ್ಟ್ ಬಟ್ಟೆಗೆ ನಾನು ‘ನೆಲ ಮುಟ್ಟುವಂತೆ ಇಳಿಬಿಡಿ’ ಎಂದು ಬರೆದಿದ್ದೇನೆ. ಒಂದೇ ಪದದಲ್ಲಿ ಹೇಳಬಲ್ಲವರಿದ್ದರೆ ತುಂಬಾ ಉಪಕಾರ. ಸಣ್ಣ ಗಿಡಕ್ಕೆ ‘ಮಂಕರಿ ಕವುಚಿ’ ಸಾಕು, ಅದರಲ್ಲಿ ಗೊಂದಲವಿಲ್ಲ.

ಗಿಡದ ಬುಡಕ್ಕೆ ಹರಡುವ ತರಗೆಲೆಯಂಥ ಮಲ್ಚ್‌ಗೆ ಕೃಷಿ ಬರಹಗಳಲ್ಲಿ ‘ಹೊದಿಕೆ’ ಎನ್ನುತ್ತಾರೆ. ಇಲ್ಲಿ ಬಟ್ಟೆಯೂ ಹೊದಿಕೆ, ಬುಡದ ತರಗೆಲೆಯೂ ಹೊದಿಕೆ ಆಗಿಬಿಡುತ್ತದೆ. ಬುಡಕ್ಕೆ ಹಾಕುವುದನ್ನು ‘ಬುಡಹಾಸು’ ಎಂದರೆ ಹೇಗೆ? ಚಳಿದೇಶದಲ್ಲಿ ಅದರ ಕೆಲಸವೂ ಸ್ವಲ್ಪ ಬೇರೆ. ನೆಲ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟುವಾಗ ಮಣ್ಣು ಉಬ್ಬಿ ಎಳೆ ಗಿಡವನ್ನು ಬೇರುಸಮೇತ ಮೇಲಕ್ಕೆ ತಳ್ಳುತ್ತದೆ. ಅದಾಗದಂತೆ, ನೆಲ ಒಮ್ಮೆ ಗಟ್ಟಿಯಾದ ಮೇಲೆ ಬುಡಹಾಸು ಹಾಕಿ ಹಾಗೇ ಇರುವಂತೆ ನೋಡಿಕೊಳ್ಳುತ್ತಾರೆ. ಈ ತಳ್ಳುವಿಕೆಗೆ ‘ನೆಲಯೆಬ್ಬು’ ಎಂದು ಬರೆದು ಅಳಿಸಿದ್ದೇನೆ, ಹಿಡಿಸಲಿಲ್ಲ.

ಫ್ರಾಸ್ಟ್ ತಗುಲಿದ ಎಲೆಗೆ ‘ಕಮರಿತು’ ಎಂದು ಸುಮ್ನೆ ಬರೆಯಲು ಮನಸ್ಸಿಲ್ಲ. ಕಮರುವುದರಲ್ಲಿ ಒಣಗುವ ಅರ್ಥ ಇದೆ. ಇಲ್ಲಿ ಎಲೆ ಮೊದಲು ಬೇಯಿಸಿದ ಸೊಪ್ಪಿನ ಹಾಗೆ ನೀರುನೀರಾಗಿ ಜೋಲುತ್ತದೆ, ಆಮೇಲೆ ಕಪ್ಪಾಗುತ್ತದೆ. ‘ಚಳಿಗೆ ಬೆಂದ ಎಲೆ’ ಎಂದರೆ ನಿಮ್ಮ ಕಡೆ ಒಪ್ಪುತ್ತಾರಾ?

ಎಲ್ಲಕ್ಕೂ ಹೊಸ ಪದ ಕಟ್ಟಬೇಕಿಲ್ಲ. ಚನ್ನಗಿರಿ ಕಡೆ ಎಳೆ ಅಡಿಕೆ ಮರಕ್ಕೆ ನೈರುತ್ಯದ ಬಿಸಿಲು ಬಡಿಯದಂತೆ ಸೋಗೆ ಕಟ್ಟುತ್ತಾರೆ, ಸುಣ್ಣ ಬಳಿಯುತ್ತಾರೆ. ಚಳಿದೇಶದಲ್ಲೂ ಎಳೆ ಮರಗಳಿಗೆ ಅದೇ ದಿಕ್ಕಿನ ಕಾಟ. ಹಗಲು ಬಿಸಿಲಿಗೆ ಕಾದ ತೊಗಟೆ ರಾತ್ರಿ ಹೆಪ್ಪುಗಟ್ಟಿ ಸೀಳುತ್ತದೆ, ಅದಕ್ಕೆ ಕಾಂಡ ಸುತ್ತುತ್ತಾರೆ, ಬಿಳಿ ಬಣ್ಣ ಬಳಿಯುತ್ತಾರೆ. ‘ಬಿಸಿಲು ಬಡಿತ’ ಎಂಬ ತೋಟದ ಮಾತನ್ನು ಇದಕ್ಕೂ ಹಾಗೇ ಇಟ್ಟುಕೊಂಡಿದ್ದೇನೆ.

ಬಡಗ ಮಾತು ಬಲ್ಲವರು ಈ ಪಟ್ಟಿಯಲ್ಲಿದ್ದರೆ ದಯವಿಟ್ಟು ಬರೆಯಿರಿ. ನೀಲಗಿರಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ಫ್ರಾಸ್ಟ್ ಬಿದ್ದು ಟೀ ತೋಟಗಳು ಕರಟುತ್ತವೆ. ಕನ್ನಡಕ್ಕೆ ಅಷ್ಟು ಹತ್ತಿರದ ನುಡಿಯವರು ಅದನ್ನು ಕಣ್ಣಾರೆ ಕಂಡು ಯಾವ ಹೆಸರಿನಿಂದ ಕರೆಯುತ್ತಾರೋ, ಅದು ನಾನು ಕಟ್ಟಿದ ‘ಹೆಪ್ಪುಹನಿ’ಗಿಂತ ಮೇಲು. ಕೊಡಗು, ಬಾಬಾಬುಡನ್‌ಗಿರಿ ಕಡೆಯವರು ಮಂಜು, ಇಬ್ಬನಿ, ಕಾವಳ ಇವುಗಳನ್ನು ಹೇಗೆ ಬೇರೆ ಮಾಡಿ ಬಳಸುತ್ತೀರಿ ಎಂಬುದನ್ನೂ ತಿಳಿಸಿ. ಹಿರಿಯರಿಂದ ಕೇಳಿದ ವಾಕ್ಯವನ್ನು ಇದ್ದ ಹಾಗೇ ಬರೆದರೆ ಇನ್ನೂ ಒಳ್ಳೆಯದು.