‘ನಮ್ಮ ನಾಯಿ ಏನೂ ಮಾಡಲ್ಲ’ ಅಂದರೆ ಸಾಕಾ?

ಓದುಗರೊಬ್ಬರ ಸಮಸ್ಯೆ: ನಮ್ಮ ಲ್ಯಾಬ್ರಡಾರ್‌ಗೆ ಎರಡು ವರ್ಷ. ಯಾರನ್ನು ಕಂಡರೂ ಓಡಿಹೋಗಿ ಮೈಮೇಲೆ ಹಾರುತ್ತದೆ. ಕಚ್ಚುವುದಿಲ್ಲ, ಬರೀ ಪ್ರೀತಿ. ಮೊನ್ನೆ ಹೀಗೇ ಹಾರಿದಾಗ ಪಕ್ಕದ ಮನೆ ಮಗು ಬಿದ್ದು ಮಂಡಿ ತರಚಿಕೊಂಡಿತು. ಆ ಮನೆಯವರು ಮಾತು ಬಿಟ್ಟಿದ್ದಾರೆ. ನಾಯಿಯನ್ನು ಕಟ್ಟಿಹಾಕಲು ಮನಸ್ಸು ಬರುತ್ತಿಲ್ಲ. ಏನು ಮಾಡಲಿ?

ಓದುಗರ ಸ್ಪಂದನ

ನಾನು ನಾಯಿ ಕಂಡರೆ ಹೆದರುವವಳು. ನಾಯಿ ನುಗ್ಗಿ ಬರುವಾಗ ಅದರ ಹಿಂದೆ, ದೂರದಲ್ಲಿ, ಸಾಕಿದವರು ‘ಏನೂ ಮಾಡಲ್ಲ, ಹೆದರ್ಬೇಡಿ’ ಎಂದು ಕೂಗುತ್ತಾ ಬರುತ್ತಾರೆ. ಅದು ಮುದ್ದಿಗೆ ಬರುತ್ತಿದೆಯೋ ಕಚ್ಚಲು ಬರುತ್ತಿದೆಯೋ ನನಗೆ ಹೇಗೆ ಗೊತ್ತಾಗಬೇಕು? ಬೆಳೆದ ಲ್ಯಾಬ್ರಡಾರ್ ಸುಮಾರು 30 ಕಿಲೋ ತೂಗುತ್ತದೆ. ಅದರ ಬಾಯಿ ಸರಿಯಾಗಿ ಮಗುವಿನ ಮುಖದ ಹತ್ತಿರ ಬರುತ್ತದೆ. ನನ್ನಂಥವರಿಗೆ ಬೇಕಾದದ್ದು ಇಷ್ಟೇ: ನಾಯಿಯ ಲೀಶ್ (ಹಿಡಿದುಕೊಳ್ಳುವ ಹಗ್ಗ) ಗಿಡ್ಡ ಹಿಡಿದು ಒಂದು ಪಕ್ಕಕ್ಕೆ ನಿಂತು ನಮ್ಮನ್ನು ಮೊದಲು ಹೋಗಲು ಬಿಡಿ.
– ಒಬ್ಬ ಓದುಗಿ

ಹಾರುವುದನ್ನು ಬಿಡಿಸಬಹುದು, ಗಾಬರಿ ಬೇಡ. ಹಾರಿದರೆ ಜನ ತನ್ನ ಕಡೆ ನೋಡುತ್ತಾರೆ ಅಂತ ಅದು ಕಲಿತುಬಿಟ್ಟಿದೆ. ‘ಏಯ್’ ಎಂದು ಬೈದರೂ, ಕೈಯಿಂದ ತಳ್ಳಿದರೂ ಅದಕ್ಕೆ ಅದೂ ಆಟವೇ. ಹಾರಿದ ಕೂಡಲೇ ಬೆನ್ನು ತಿರುಗಿಸಿ ಸುಮ್ನೆ ನಿಲ್ಲಿ. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮಾತಾಡಿಸಿ, ತಿಂಡಿ ಕೊಡಿ. ತಿಂಡಿಯನ್ನು ಕೆಳಗೆ, ಅದರ ಎದೆ ಮಟ್ಟದಲ್ಲೇ ಕೊಡಿ. ಮೇಲೆ ಹಿಡಿದರೆ ನೀವೇ ಹಾರಿಸಿದ ಹಾಗೆ. ಮನೆಗೆ ಯಾರಾದರೂ ಬರುವ ಮೊದಲು ಲೀಶ್ ಹಾಕಿ, ಅದರ ಮೇಲೆ ಕಾಲಿಟ್ಟು ನಿಲ್ಲಿ. ನಿಲ್ಲಲು, ಕೂರಲು ಆಗುವಷ್ಟು ಸಡಿಲ ಇರಲಿ, ಹಾರುವಷ್ಟು ಬೇಡ.

ಮನೆಮಂದಿಯೆಲ್ಲ ಒಂದೇ ನಿಯಮ ಪಾಲಿಸಬೇಕು. ಅದೇ ಕಷ್ಟ! ನಮ್ಮ ಮನೆಯಲ್ಲಿ ಅದನ್ನು ಮುರಿಯುವುದರಲ್ಲಿ ಅಜ್ಜಿ ಎತ್ತಿದ ಕೈ.

ಇಡೀ ದಿನ ಕಟ್ಟಿಹಾಕಬೇಡಿ, ಬಿಟ್ಟಾಗ ಇನ್ನೂ ಜಾಸ್ತಿ ಹಾರುತ್ತದೆ. ಆದರೆ ಹೊರಗೆ ಹೋದಾಗ ಲೀಶ್ ಬಿಚ್ಚುವ ಮಾತೇ ಬೇಡ, ಕರೆದ ಕೂಡಲೇ ಪ್ರತಿ ಸಲವೂ ಬರುವವರೆಗೆ. ತನ್ನಷ್ಟಕ್ಕೆ ಉದ್ದವಾಗುವ ಲೀಶ್ ಜನರ ಮಧ್ಯೆ ಉಪಯೋಗಕ್ಕಿಲ್ಲ. ನೀವು ಬಟನ್ ಒತ್ತುವಷ್ಟರಲ್ಲಿ ನಾಯಿ ಮಗುವಿನ ಹತ್ತಿರ ಇರುತ್ತದೆ. ಇನ್ನೊಂದು ಮಾತು, ಕರೆದು ಹತ್ತಿರ ಬಂದ ನಾಯಿಗೆ ಎಂದೂ ಬೈಯಬೇಡಿ. ಬೈದರೆ ಮುಂದಿನ ಸಲ ಬರಲ್ಲ.
– ಎರಡು ನಾಯಿ ಸಾಕಿರುವ ಓದುಗ

ಆ ತರಚುಗಾಯ ಬಿದ್ದು ಆದದ್ದಾ, ನಾಯಿಯ ಉಗುರು ತಾಗಿ ಆದದ್ದಾ? ವಿಚಾರಿಸಿದ್ದೀರಾ? ಹಲ್ಲು ಅಥವಾ ಉಗುರು ತಾಗಿ ಚರ್ಮ ತರಚಿದರೆ, ನೀರು ಹರಿಯಬಿಟ್ಟು ಸೋಪಿನಿಂದ 15 ನಿಮಿಷ ತೊಳೆದು, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ನಾಯಿಗೆ ಲಸಿಕೆ ಆಗಿದ್ದರೂ ಹೋಗಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ತೀರಾ ಅಪರೂಪ. ಲಸಿಕೆಯ ಪುಸ್ತಕವನ್ನು ಪಕ್ಕದ ಮನೆಯವರಿಗೆ ತೋರಿಸಿ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಬಾಲ ಆಡಿಸುವ ನಾಯಿಯೆಲ್ಲ ಖುಷಿಯಾಗಿರುತ್ತದೆ ಅಂತಿಲ್ಲ. ಮೈ ಸೆಟೆದಿದ್ದರೆ, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುತ್ತಿದ್ದರೆ, ಮತ್ತೆ ಮತ್ತೆ ತುಟಿ ನೆಕ್ಕುತ್ತಿದ್ದರೆ ಅದಕ್ಕೆ ಕಿರಿಕಿರಿ ಆಗುತ್ತಿದೆ ಅಂತ ಅರ್ಥ. ಮಗುವನ್ನು ದೂರ ಕರೆಯಿರಿ. ಗುರ್ ಅಂದದ್ದಕ್ಕೆ ಹೊಡೆಯಬೇಡಿ. ಹೊಡೆದರೆ ಗುರ್ ಅನ್ನುವುದನ್ನು ಬಿಟ್ಟು ನೇರವಾಗಿ ಕಚ್ಚುವ ನಾಯಿ ಆಗಬಹುದು.
– ಪಶುವೈದ್ಯೆ

ಎಲ್ಲ ತಪ್ಪೂ ನಾಯಿ ಸಾಕಿದವರದೇನಾ? ಕೇಳದೆ ಮುಟ್ಟಬಾರದು, ಕಿರುಚಿಕೊಂಡು ಓಡಬಾರದು ಅಂತ ಮಕ್ಕಳಿಗೂ ಹೇಳಿಕೊಡಬೇಕು ಅಲ್ವಾ? ಓಡಿದರೆ ನಾಯಿ ಅಟ್ಟಿಸಿಕೊಂಡು ಬರುತ್ತದೆ. ಆದರೆ ಈ ಮಾತನ್ನು ಈಗಲೇ ಅವರ ಮುಂದೆ ಹೇಳಬೇಡಿ. ನಾಯಿಯನ್ನು ಮನೆಯಲ್ಲಿ ಬಿಟ್ಟು ಒಬ್ಬರೇ ಹೋಗಿ, ಮಗುವಿನ ಮಂಡಿ ಹೇಗಿದೆ ಅಂತ ಕೇಳಿ. ‘ಅದು ಏನೂ ಮಾಡಲ್ಲ’ ಅಂತ ಮಾತ್ರ ಶುರು ಮಾಡಬೇಡಿ.
– ಇನ್ನೊಬ್ಬ ಓದುಗ